ಪ್ರೇಕ್ಷಕನ ಋಣ

ಪರರ ದುಃಖವನ್ನು ಕಂಡು ಹಿಗ್ಗುವವನನ್ನು ಲೋಕವು ದುರ್ಜನನೆನ್ನುವದು; ಅದೇ ದುಃಖವನ್ನು ರಂಗದ ಮೇಲೆ ಕಂಡು ಕಣ್ಣೀರಿನೊಡನೆ ಆನಂದಪಡುವವನನ್ನು ಸಹೃದಯನೆನ್ನುವದು. ಈ ಎರಡು ಹೆಸರುಗಳ ನಡುವಣ ಅಂತರವೆಷ್ಟು? ನಮ್ಮ ಆಲಂಕಾರಿಕರು ಇದನ್ನು ವಿಚಾರಿಸದೆ ಬಿಟ್ಟಿಲ್ಲ. ರಂಗದ ಮೇಲಿನ ಶೋಕವು ನಟನದಲ್ಲ, ನೋಡುವವನದೂ ಅಲ್ಲ. ಸಾಧಾರಣೀಕರಣದಿಂದ ಅದು ಯಾರೊಬ್ಬರ ಸ್ವತ್ತೂ ಆಗದೆ ಉಳಿಯುವದರಿಂದಲೇ ಕರುಣವು ರಸವಾಗುವದೆಂಬದು ಅವರ ಸಮಾಧಾನ. ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿರುವದನ್ನು ಅಭಿನವಗುಪ್ತನು ರಸವಿಘ್ನಗಳಲ್ಲಿ ಎಣಿಸಿರುವನು.

ನಾಟಕಕ್ಕೆ ಈ ಸಮಾಧಾನವು ಸಾಕಾಗಿದ್ದಿತು. ಚಿತ್ರಪಟಕ್ಕೂ ಸಾಕಾದೀತೇ?

ಎರಡು ತಾಸು ತನ್ನ ಕಷ್ಟವನ್ನು ಮರೆಯುವ ಸಲುವಾಗಿ ಟಿಕೀಟು ಕೊಳ್ಳುವ ಕೂಲಿಯವನಿಗೆ ಈ ಪ್ರಶ್ನೆಯನ್ನು ಹಾಕುವದು ಅನ್ಯಾಯ. ಇದು ಸಲ್ಲಬೇಕಾದುದು ಚಿತ್ರಸಮಾಜಗಳನ್ನು ಕಟ್ಟಿಕೊಂಡು ಅಭ್ಯಾಸಪೂರ್ವಕವಾಗಿ ನೋಡುವ ವಿದ್ಯಾವಂತರಿಗೆ, ಅದರಲ್ಲಿಯೂ ವಿಶ್ವವಿದ್ಯಾಲಯದ ತರುಣರಿಗೆ. ಸತ್ಯಜಿತ ರಾಯರೂ ಚಿದಾನಂದ ದಾಸಗುಪ್ತರೂ 1947ರಲ್ಲಿ ಕಲಕತ್ತೆಯಲ್ಲಿ ಇಂಥ ಸಮಾಜವನ್ನು ಸ್ಥಾಪಿಸಿದರು. 1959ರಲ್ಲಿ ಇಂಥ ಸಮಾಜಗಳ ಒಕ್ಕೂಟವಾಯಿತು. ಕನ್ನಡನಾಡಿನಲ್ಲಿ 1971ರಲ್ಲಿ ಬೆಂಗಳೂರಿನ 'ಸುಚಿತ್ರಾ'ವೂ, 1973ರಲ್ಲಿ ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ 'ನೀನಾಸಂ ಚಿತ್ರಸಮಾಜ'ವೂ ಹುಟ್ಟಿದವು. ಅಡಕೆಯ ತೋಟಗಳ ನಡುವಿನ ಹಳ್ಳಿಯಲ್ಲಿ ಪರದೇಶದ ಶ್ರೇಷ್ಠ ಚಿತ್ರಗಳನ್ನು ತೋರಿಸಿ, ಅವುಗಳ ವಿವರಣೆಯನ್ನು ಕನ್ನಡದಲ್ಲಿ ಒದಗಿಸಿದ ಆ ಸಾಹಸವು, ರುಚಿಯು ಪಟ್ಟಣಿಗರ ಪಿತ್ರಾರ್ಜಿತವೆಂಬ ಭ್ರಮೆಯನ್ನು ಕಳೆಯಿತು. ಇಂಥ ಸಮಾಜಗಳ ಕಾರ್ಯಕ್ರಮವು ಸರಳವಾದುದು: ವರ್ಗಣಿ ಕೂಡಿಸುವದು, ಚಿತ್ರವನ್ನು ಎರವಾಗಿ ತರುವದು, ಎರಡು ಮಾತು ಪೀಠಿಕೆ ಹೇಳಿ ದೀಪ ಆರಿಸುವದು, ಮತ್ತೆ ದೀಪ ಹಚ್ಚಿ ಚರ್ಚಿಸುವದು. ಈ ಕಡೆಯದೇ ಮುಖ್ಯವಾದುದು. ಅದಿಲ್ಲದಿದ್ದರೆ ಸಮಾಜಕ್ಕೂ ಸಿನೆಮಾಗೃಹಕ್ಕೂ ಭೇದವು ಕುರ್ಚಿಗಳದಷ್ಟೆ.

ಇಂಥ ಸಮಾಜಗಳಲ್ಲಿ ತಪ್ಪದೆ ತೋರಿಸಲ್ಪಡುತ್ತ ಬಂದ ಚಿತ್ರಗಳಲ್ಲಿ ಇಟಲಿಯ ಡಿ ಸೀಕಾನು 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್' ಒಂದು. ಬಹುದಿನ ನಿರುದ್ಯೋಗಿಯಾಗಿದ್ದವನಿಗೆ ಗೋಡೆಗೆ ಜಾಹೀರಾತು ಅಂಟಿಸುವ ಕೆಲಸ ಸಿಕ್ಕುವದು. ಅದಕ್ಕೆ ಬೇಕಾದ ಸೈಕಲ್ಲು ಮೊದಲ ದಿನವೇ ಕಳವಾಗುವದು. ಹುಡುಕಿ ಬೇಸತ್ತು ತಾನೇ ಪರರ ಸೈಕಲ್ಲಿಗೆ ಕೈಹಾಕಿ ಮಗನ ಕಣ್ಣೆದುರು ಸಿಕ್ಕುಬೀಳುವನು. ಅಭಿನಯಿಸಿದ ಲಾಂಬೆರ್ತೊ ಮಜ್ಜೊರಾನಿಯು ನಟನಲ್ಲ, ನಿಜವಾದ ಕಾರಖಾನೆಯ ಕೆಲಸಗಾರ. ಚಿತ್ರವು ಜಗದ್ವಿಖ್ಯಾತವಾಯಿತು. ಅವನು ಕಾರಖಾನೆಗೆ ಮರಳಿದನು. ಅಲ್ಲಿ ಅವನ ನೌಕರಿ ಉಳಿಯಲಿಲ್ಲ. ಸಿನೆಮಾದಲ್ಲಿ ಹೇರಳ ಹಣ ಗಳಿಸಿರುವನೆಂದು ತಿಳಿದು ಅವನನ್ನೇ ಕೆಲಸದಿಂದ ತೆಗೆದರೆಂದು ಹೇಳುವರು. ತೆರೆಯ ಮೇಲಿನ ನಿರುದ್ಯೋಗಿಗಾಗಿ ಲೋಕವು ಕಣ್ಣೀರಿಡುತ್ತಿರುವಾಗ, ಆ ಮುಖದ ಒಡೆಯನು ನಿಜಕ್ಕೂ ನಿರುದ್ಯೋಗಿಯಾಗಿದ್ದನು! ಇಲ್ಲಿ ಸಾಧಾರಣೀಕರಣದ ಸೂತ್ರವು ಹರಿಯುವದು. ರಾಮನ ಪಾತ್ರಧಾರಿಯು ಬಣ್ಣ ತೊಳೆದುಕೊಂಡರೆ ವನವಾಸವು ಮುಗಿಯುವದು. ಮಜ್ಜೊರಾನಿಗೆ ತೊಳೆದುಕೊಳ್ಳಲು ಬಣ್ಣವೇ ಇರಲಿಲ್ಲ.

ಇದಕ್ಕೆ ಪೂರ್ವಪಕ್ಷವಿಲ್ಲದಿಲ್ಲ. ನೋಡಿದವನು ಕಾರಖಾನೆಯ ಧನಿಯಲ್ಲ. ರೋಮ ಪಟ್ಟಣದ ಕೆಲಸಗಾರನಿಗೆ ಧಾರವಾಡದ ವಿದ್ಯಾರ್ಥಿಯು ಮಾಡುವದೇನಿದೆ? ಚಂದಾ ಎತ್ತಿ ಕಳಿಸಬೇಕೇ? ಇಷ್ಟು ಪ್ರಶ್ನೆ ನ್ಯಾಯವಾದುದೇ. ಚಂದಾದಿಂದ ಈ ಋಣವು ತೀರುವದೂ ಇಲ್ಲ. ಕೊಟ್ಟು ಕೈ ತೊಳೆದುಕೊಂಡ ಸಮಾಧಾನವು ಅಳುವಿಗಿಂತಲೂ ಅಗ್ಗವಾದುದು. ಆದರೆ ಋಣಿಯು ತೀರಿಸಲಾರನೆಂದ ಮಾತ್ರಕ್ಕೆ ಋಣವೇ ಇಲ್ಲವೆಂದು ಯಾವ ಧರ್ಮಶಾಸ್ತ್ರವೂ ಹೇಳುವದಿಲ್ಲ.

ಇಂಡಿಯ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಸಿಂಪಿ ಲಿಂಗಣ್ಣನವರೂ ಅವರ ಗೆಳೆಯರೂ ಬೀಸುವ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿದುದು ಸರ್ವವಿದಿತ. 'ಗರತಿಯ ಹಾಡು' 1931ರಲ್ಲಿ ಪ್ರಕಟವಾಯಿತು. ಅಲ್ಲಿಯೂ ತವರಿಗಾಗಿ ಹಂಬಲಿಸುವವಳ ನೋವು ಓದುವವರ ರಸವಾಯಿತು. ಆದರೆ ಕೂಡಿಸಿದವರು ಅದೇ ಸೀಮೆಯವರು. ಹಾಡಿದ ತಾಯಿ ನಾಳೆ ಬಾವಿಯ ದಾರಿಯಲ್ಲಿ ಎದುರಾಗುವಳು, ಆಗ ಅವಳನ್ನು ಮಾತಾಡಿಸದೆ ದಾಟುವಂತಿರಲಿಲ್ಲ. ಚಿತ್ರಪಟದ ಪ್ರೇಕ್ಷಕನಿಗೆ ಈ ಎದುರಾಗುವಿಕೆಯ ಭಯವಿಲ್ಲ. ದೀಪ ಹಚ್ಚಿದೊಡನೆ ಅವನು ಬೆಳಕು ನೆರಳುಗಳ ಜಾಣ್ಮೆಯನ್ನು ಚರ್ಚಿಸತೊಡಗುವನು. ಆ ಚರ್ಚೆ ತಪ್ಪಲ್ಲ, ಅದಷ್ಟೇ ಆದರೆ ತಪ್ಪು.

ಮುದ್ದೇಬಿಹಾಳದಿಂದಲೋ ಸಿಂದಗಿಯಿಂದಲೋ ಹೋಗಿ ಕಲಿಯುವ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಮಳೆ ತಪ್ಪಿದ ವರ್ಷ ಗಂಟು ಕಟ್ಟಿಕೊಂಡು, ಕೂಸನ್ನು ಬಗಲಲ್ಲಿಟ್ಟು, ಪುಣೆಗೋ ಗೋವೆಗೋ ಗುಳೆ ಹೊರಟವರನ್ನು ಬಾಲ್ಯದಿಂದ ಕಂಡವನವನು. ಕಂಡುದು ರೂಢಿಯಾಗಿ ಕಾಣದಂತಾದುದು. ಈಗ ರೋಮಿನ ತಂದೆಮಕ್ಕಳನ್ನು ಕಂಡು ಅವನ ಕಂಠ ಬಿಗಿಯುವದು. ನೆರೆಯವನನ್ನು ಕಾಣಲು ಅಷ್ಟು ದೂರ ಹೋಗಬೇಕಾಯಿತೇ ಎಂದು ಕೆಲವರು ನಗಬಹುದು. ನಗತಕ್ಕ ಮಾತಲ್ಲ ಅದು. ಮನೆಯ ಬಾಗಿಲು ಹೊರಗಿನಿಂದ ನೋಡಿದಾಗಲೇ ಪೂರ್ತಿ ಕಾಣುವದು. ರಜೆಗೆಂದು ಅವನು ಇಂಡಿ ರೋಡ ಸ್ಟೇಶನ್ನಿನಲ್ಲಿ ಇಳಿದಾಗ, ಅದೇ ಕಟ್ಟೆಯ ಮೇಲೆ ಸೊಲ್ಲಾಪುರದ ಗಾಡಿಗೆ ಕಾಯುತ್ತ ಗಂಟಿನ ಮೇಲೆ ಕುಳಿತ ಒಬ್ಬ ತಂದೆಯೂ ಅವನ ಮಗನೂ ಇರುವರು. ಗಾಡಿ ಬರಲು ಇನ್ನೂ ಹೊತ್ತಿದೆ. ದೀಪ ಆರಿಸುವವರು ಇಲ್ಲಿ ಯಾರೂ ಇಲ್ಲ.