ಕಲಿತ ಹೊತ್ತು ಯಾರದು?

ಓದಿಗೆ ಖರ್ಚಾದ ಹಣದ ಲೆಕ್ಕ ಎಲ್ಲರ ಮನೆಯಲ್ಲೂ ಇರುತ್ತದೆ. ಆದರೆ ಒಬ್ಬ ಓದಲು ಹೋದಾಗ ಅವನ ಪಾಲಿನ ದುಡಿಮೆಯನ್ನು ಇನ್ನೊಬ್ಬ ಮಾಡುತ್ತಾನಲ್ಲ, ಆ ಹೊತ್ತಿನ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತ ಬಂದಿರುವುದು ಈ ಎರಡನೆಯ ಲೆಕ್ಕ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕಿಯ ಕಡೆಯಿಂದ ಸಾಗರ ತಾಲೂಕಿನ ಹೆಗ್ಗೋಡಿಗೆ ಹೋದೆ. 1949ರಲ್ಲಿ ಊರಿನವರ ನಾಟಕ ಸಂಘವಾಗಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದಿತ್ತು. ಅಡಿಕೆ ತೋಟಗಳ ನಡುವೆ ಒಂದು ವರ್ಷದ ಕಲಿಕೆ. ಹಗಲು ಪಾಠ, ಸಂಜೆ ತಾಲೀಮು. ರಂಗಸಜ್ಜಿಕೆಗೆ ಮರ ಹೊರುವವರೂ ನಾವೇ, ದೀಪ ಕಟ್ಟುವವರೂ ನಾವೇ. ಜಗತ್ತಿನ ದೊಡ್ಡ ನಾಟಕ, ದೊಡ್ಡ ಸಿನಿಮಾ ಹಳ್ಳಿಯವನ ಪಾಲೂ ಹೌದು ಎಂಬ ನಂಬಿಕೆಯ ಮೇಲೆ ಕೆ.ವಿ. ಸುಬ್ಬಣ್ಣ ಅದನ್ನು ಕಟ್ಟಿದ್ದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈ ನಂಬಿಕೆ ನನಗೆ ಹೊಸದೆನಿಸಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಬೆಳಕಿಗೆ ತಂದ ಮಸ್ಕಿಯ ಶಾಸನ ಅಶೋಕನ ಹೆಸರು ಹೇಳುತ್ತದೆಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಅದು ಹೇಳುವ ಇನ್ನೊಂದು ಮಾತು ಅಷ್ಟಾಗಿ ನೆನಪಿನಲ್ಲಿರುವುದಿಲ್ಲ: ಶ್ರೇಯಸ್ಸು ದೊಡ್ಡವರಿಗಷ್ಟೇ ಅಲ್ಲ, ಮನಸ್ಸಿಟ್ಟರೆ ಸಣ್ಣವನಿಗೂ ದಕ್ಕುತ್ತದೆ. ಒಪ್ಪಿದೆ. ಆದರೆ ಸಣ್ಣವನು ಮನಸ್ಸಿಟ್ಟು ಕೂತಾಗ ಅವನ ಹೊಲದಲ್ಲಿ ಯಾರು ನಿಲ್ಲಬೇಕು?

ನನ್ನ ಹೊಲದಲ್ಲಿ ನಿಂತವನು ಅಣ್ಣ. ಲಿಂಗಸುಗೂರು ದಿಕ್ಕಿನ ನಮ್ಮ ತುಂಡು ಭೂಮಿ ಮಳೆಯನ್ನೇ ನಂಬಿತ್ತು. ಮಳೆ ಕೈಕೊಟ್ಟರೆ ಅಣ್ಣ ಅತ್ತಿಗೆ ಇಬ್ಬರೂ ಸಿಂಧನೂರಿನ ಕಡೆಗೆ, ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿಗೆ, ನಾಟಿಯ ಕೂಲಿಗೆ ಹೋಗುತ್ತಿದ್ದರು. ಊರಿಗೆ ಮರಳಿದಾಗ ಒಬ್ಬ ಹಿರಿಯರು ಕೇಳಿದರು: “ಆಟ ಕಲಿಯಾಕ ಅಷ್ಟು ದೂರ ಯಾಕ ಹೋದ್ಯಪಾ? ಬಯಲಾಟದ ಮಾಸ್ತರ ಇಲ್ಲೇ ಇದ್ದನಲ್ಲ?” ನಕ್ಕು ಬಿಡುವ ಮಾತಲ್ಲ ಅದು. ಬಯಲಾಟ ಕಲಿಯುವವನು ಹಗಲೆಲ್ಲ ದುಡಿದು ರಾತ್ರಿ ತಾಲೀಮಿಗೆ ಬರುತ್ತಾನೆ. ಅವನು ಕಲಿಯುವುದು ತನ್ನ ನಿದ್ದೆಯನ್ನು ಕೊಟ್ಟು. ಬೇರೆಯವರ ಹಗಲನ್ನು ಅವನು ಕೇಳುವುದಿಲ್ಲ. ನನಗೆ ಹೆಗ್ಗೋಡಿನಲ್ಲಿ ಸಿಕ್ಕದ್ದು ಹಗಲು. ಬಡವರ ಮನೆಯಲ್ಲಿ ಎಲ್ಲಕ್ಕಿಂತ ತುಟ್ಟಿಯಾದದ್ದು ಅದೇ.

ಅಮೆರಿಕದಲ್ಲಿ 1933ರಿಂದ 1957ರವರೆಗೆ ನಡೆದ ಬ್ಲ್ಯಾಕ್ ಮೌಂಟನ್ ಎಂಬ ಪುಟ್ಟ ಪ್ರಯೋಗಶೀಲ ಕಾಲೇಜಿನಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು ಕೂಡಿಯೇ ಹೊಲದಲ್ಲಿ ದುಡಿದರು, ಕಟ್ಟಡ ಕಟ್ಟಿದರು. ದುಡಿಮೆ ಹಂಚಿಕೊಂಡರೆ ಕಲಿಕೆಯಲ್ಲಿ ಮೇಲು ಕೀಳು ಕರಗುತ್ತದೆ, ನಿಜ. ನಾವೂ ಮರ ಹೊತ್ತೆವು. ಆದರೆ ಅಲ್ಲಿ ಹೊತ್ತ ಮರದಿಂದ ಇಲ್ಲಿಯ ಕೆಸರಲ್ಲಿ ಬಾಗಿದ ಬೆನ್ನು ಹಗುರವಾಗುವುದಿಲ್ಲ. ಬೇಲಿಯ ಒಳಗಿನ ಸಮಾನತೆ ಬೇಲಿಯ ಹೊರಗಿನ ಸಾಲವನ್ನು ತೀರಿಸದು.

ಹಾಗಾದರೆ ತೀರಿಸುವುದು ಹೇಗೆ? ಹಣ ಕೊಟ್ಟರೆ ಹಣದ ಸಾಲವಷ್ಟೇ ತೀರುತ್ತದೆ. ಊರಿನ ಮಕ್ಕಳಿಗೆ ನಾಟಕ ಕಲಿಸಿದೆ, ಈಗಲೂ ಕಲಿಸುತ್ತೇನೆ. ಅದು ಆ ಮಕ್ಕಳಿಗೆ ಸಂದಿತೇ ಹೊರತು ಅಣ್ಣನಿಗಲ್ಲ. ಅವನ ಆ ವರ್ಷ ಹೋದದ್ದು ಹೋಯಿತು. ಹಾಗೆಂದು ನಾನು ಹೋಗಬಾರದಿತ್ತು ಎಂದು ಒಪ್ಪಲಾರೆ. ಹೋಗದಿದ್ದರೆ ಇಬ್ಬರ ಹಗಲೂ ಅದೇ ಕೆಸರಿನಲ್ಲಿ ಮುಗಿಯುತ್ತಿತ್ತು. ಕೆಲವು ಸಾಲಗಳನ್ನು ತೀರಿಸಲಾಗುವುದಿಲ್ಲ, ಅಲ್ಲಗಳೆಯಲೂ ಬಾರದು. ಕಲಿತದ್ದೆಲ್ಲ ನನ್ನ ಪ್ರತಿಭೆಯಿಂದಲೇ ಎಂದು ಹೇಳದಿರುವುದು ಅಂಥ ಸಾಲಕ್ಕೆ ಕಟ್ಟಬಹುದಾದ ಬಡ್ಡಿ.

ಕಾಲೇಜಿನ ಅರ್ಜಿಗಳಲ್ಲಿ ತಂದೆಯ ಹೆಸರು, ಜಾತಿ, ಆದಾಯ ಎಲ್ಲ ಕೇಳುತ್ತಾರೆ. ನೀನು ಇಲ್ಲಿ ಕೂತಿರುವಾಗ ನಿನ್ನ ಕೆಲಸ ಯಾರು ಮಾಡುತ್ತಿದ್ದಾರೆ ಎಂದೂ ಕೇಳಬೇಕು. ಅದರಿಂದ ಯಾರಿಗೂ ಸೀಟು ತಪ್ಪಬಾರದು. ಆ ಹೆಸರನ್ನು ಒಮ್ಮೆ ಸ್ವಂತ ಕೈಯಿಂದ ಬರೆದಿರಲಿ, ಅಷ್ಟೆ.