ಉಪಾಧ್ಯಾಯನ ಕೈಯ ಉಪನಿಧಿ

ಶಾಲೆಗೆ ಬರುವ ಮಗುವಿನ ವಿಷಯವಾಗಿ ಉಪಾಧ್ಯಾಯನಿಗೆ ತಿಳಿದುಬರುವ ಸಂಗತಿಗಳು ಯಾರಿಗೆ ಸೇರಿದುವು? ಪ್ರಶ್ನೆಯು ಮೇಲುನೋಟಕ್ಕೆ ಸಣ್ಣದಾಗಿ ತೋರಬಹುದು. ಹಿಂದೆ ಈ ಪ್ರಶ್ನೆಯನ್ನು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಜರಿಪುಸ್ತಕವು ಬೀರುವಿನಲ್ಲಿರುತ್ತಿತ್ತು; ಬೀರುವಿನ ಬೀಗದಕೈ ಮುಖ್ಯೋಪಾಧ್ಯಾಯರ ಬಳಿಯಲ್ಲಿರುತ್ತಿತ್ತು. ಈಗಲಾದರೋ ಮಗುವಿನ ಭಾವಚಿತ್ರ, ಜನನ ದಿನಾಂಕ, ಆಧಾರ್ ಸಂಖ್ಯೆ, ತಂದೆಯ ವರಮಾನ, ತಾಯಿಯ ದೂರವಾಣಿ ಇವೆಲ್ಲವೂ ಉಪಾಧ್ಯಾಯರ ಜೇಬಿನಲ್ಲಿರುವ ಮೊಬೈಲಿನೊಳಗೇ ಕುಳಿತಿವೆ. ಆ ಮೊಬೈಲನ್ನು ಸಂಜೆ ಮನೆಯಲ್ಲಿ ಮಕ್ಕಳು ಆಟಕ್ಕೆ ತೆಗೆದುಕೊಳ್ಳುತ್ತಾರೆ. ಅದು ಬಸ್ಸಿನಲ್ಲಿ ಕಳುವಾಗುತ್ತದೆ. ದುರಸ್ತಿಗೆಂದು ಅಂಗಡಿಯವನ ಕೈಗೆ ಹೋಗುತ್ತದೆ. ಆದುದರಿಂದ ಪ್ರಶ್ನೆಯನ್ನು ಈಗ ಕೇಳಲೇಬೇಕಾಗಿದೆ.

ನಾನು ಇದನ್ನು ಕೇಳಿಕೊಂಡುದು ಶಾಸ್ತ್ರಜಿಜ್ಞಾಸೆಯಿಂದಲ್ಲ, ನನ್ನದೇ ಒಂದು ತಪ್ಪಿನಿಂದ. ೨೦೨೦ನೆಯ ಮಾರ್ಚಿಯಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದುವಷ್ಟೆ. ಆಗ ನಾನಿದ್ದ ಶಾಲೆಯಲ್ಲಿ ಪ್ರತಿ ತರಗತಿಗೂ ತಂದೆತಾಯಿಗಳ ಒಂದೊಂದು ವಾಟ್ಸಾಪ್ ಗುಂಪನ್ನು ಮಾಡಿದ್ದೆವು. ಕಷ್ಟದಲ್ಲಿದ್ದ ಮನೆಗಳಿಗೆ ದಿನಸಿ ಕೊಡಿಸುವುದೆಂದು ಆಡಳಿತ ಸಮಿತಿಯವರು ನಿಶ್ಚಯಿಸಿ, ಅರ್ಹರ ಪಟ್ಟಿಯನ್ನು ನನ್ನಿಂದ ಕೇಳಿದರು. ನಾನು ಶ್ರದ್ಧೆಯಿಂದಲೇ ಪಟ್ಟಿಮಾಡಿ, ಪ್ರತಿ ಹೆಸರಿನ ಎದುರಿಗೆ ಷರಾ ಬರೆದೆ. ಒಂದು ಹುಡುಗಿಯ ಹೆಸರಿನ ಎದುರಿಗೆ, ತಂದೆಯು ಮನೆಬಿಟ್ಟು ಹೋಗಿರುವನೆಂದೂ ತಾಯಿಯು ಮನೆಗೆಲಸಕ್ಕೆ ಹೋಗುತ್ತಿದ್ದು ಈಗ ಅದೂ ಇಲ್ಲವೆಂದೂ ಬರೆದಿದ್ದೆ. ಆ ಪಟ್ಟಿಯನ್ನು ಸಮಿತಿಯ ಗುಂಪಿಗೆ ಕಳುಹಿಸುವುದರ ಬದಲಾಗಿ ಏಳನೆಯ ತರಗತಿಯ ಗುಂಪಿಗೆ ಕಳುಹಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಅಳಿಸಿದೆನಾದರೂ ಅಷ್ಟರೊಳಗೆ ಯಾರೋ ಸ್ಕ್ರೀನ್‌ಶಾಟ್ ತೆಗೆದುಕೊಂಡಿದ್ದರು. ಮಾರನೆಯ ದಿನ ಆ ತಾಯಿಯು ಶಾಲೆಯ ಗೇಟಿನ ಹೊರಗೆ ನಿಂತು, “ಮೇಷ್ಟ್ರೇ, ನಿಮಗೆ ಅಂತ ಹೇಳಿದ್ದೆ ಸ್ವಾಮಿ” ಎಂದಳು. ಅದಕ್ಕಿಂತ ಹೆಚ್ಚಿಗೆ ಒಂದು ಮಾತನ್ನೂ ಆಡಲಿಲ್ಲ. ದಿನಸಿಯನ್ನೂ ತೆಗೆದುಕೊಳ್ಳಲಿಲ್ಲ. ಶಾಲೆ ತೆರೆದ ಮೇಲೆ ಬಂದು ವರ್ಗಾವಣೆ ಪತ್ರವನ್ನು ಪಡೆದುಕೊಂಡು ಹೋದಳು.

“ನಿಮಗೆ ಅಂತ” ಎಂಬ ಆ ಎರಡು ಮಾತುಗಳಲ್ಲಿ ಒಂದು ಧರ್ಮಸೂಕ್ಷ್ಮವು ಅಡಗಿದೆ. ಕಲ್ಯಾಣದಲ್ಲಿ ಅನುಭವಮಂಟಪವು ಕೂಡುವುದಕ್ಕೆ ಸುಮಾರು ಅರ್ಧ ಶತಮಾನದಷ್ಟು ಮೊದಲು, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿದ್ದು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಸ್ಮೃತಿಗಳ ಮಾತೆಲ್ಲವೂ ಶರಣರಿಗೆ ಸಮ್ಮತವಲ್ಲವೆಂಬುದನ್ನು ಬಲ್ಲೆ; ಅವುಗಳಲ್ಲಿನ ವರ್ಣಭೇದವನ್ನು ಅವರು ತಳ್ಳಿಹಾಕಿದುದು ಯುಕ್ತವೇ ಸರಿ. ಆದರೆ ವ್ಯವಹಾರಕಾಂಡದಲ್ಲಿ ಉಪನಿಧಿಯೆಂಬ ಒಂದು ಪ್ರಕರಣವುಂಟು. ಅದು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಒಳಗೇನಿದೆಯೆಂದು ಹೇಳದೆ, ಪೆಟ್ಟಿಗೆಯಲ್ಲಿ ಮುಚ್ಚಿ, ನಂಬಿಕೆಯಿಂದ ಮತ್ತೊಬ್ಬನ ಕೈಗೆ ಒಪ್ಪಿಸಿದ ವಸ್ತುವೇ ಉಪನಿಧಿ. ಅದನ್ನು ಕೊಟ್ಟ ಹಾಗೆಯೇ ಹಿಂದಿರುಗಿಸಬೇಕು. ರಾಜನಿಂದಾಗಲಿ ದೈವದಿಂದಾಗಲಿ ಕಳ್ಳರಿಂದಾಗಲಿ ಅದು ಹೋದರೆ ಇಟ್ಟುಕೊಂಡವನು ತೆರಬೇಕಾದುದಿಲ್ಲ. ಆದರೆ ಕೇಳಿದಾಗ ಕೊಡದೆ ಉಳಿಸಿಕೊಂಡಿದ್ದು, ಆಮೇಲೆ ಅದು ನಷ್ಟವಾದರೆ ಈ ವಿನಾಯಿತಿಯು ಸಲ್ಲದು. ಇನ್ನು ಇಟ್ಟುಕೊಂಡವನು ತನ್ನಿಷ್ಟದಂತೆ ಅದನ್ನು ಬಳಸಿ ಜೀವನಮಾಡಿದರೆ ಅವನಿಗೆ ದಂಡವಿದೆ. ಲಾಭಸಹಿತವಾಗಿ ಅದನ್ನು ಹಿಂದಿರುಗಿಸಬೇಕು.

ಈ ಮೂರು ಮಾತುಗಳನ್ನು ನಮ್ಮ ಶಾಲೆಯ ಗಣಕಯಂತ್ರಕ್ಕೆ ಹೊಂದಿಸಿ ನೋಡಬೇಕು. ಶಾಲೆಬಿಟ್ಟು ಹತ್ತು ವರ್ಷಗಳಾದ ಮಕ್ಕಳ ಆಧಾರ್ ಪ್ರತಿಗಳು ಅದರಲ್ಲಿ ಇನ್ನೂ ಇವೆ. ಏತಕ್ಕೆಂದು ಕೇಳಿದರೆ ಯಾರಿಗೂ ತಿಳಿಯದು. ಅವು ಕಳುವಾದರೆ, ಕಳ್ಳನು ಒಯ್ದನೆಂಬ ಸಮಾಧಾನವನ್ನು ವಿಜ್ಞಾನೇಶ್ವರನು ನಮಗೆ ಕೊಡಲಾರನು. ಇಲ್ಲಿ ಒಂದು ಸಂಗತಿಯನ್ನು ಹೇಳಬಹುದು. ವಿದ್ಯಾರಣ್ಯಪುರದ ಮಗ್ಗುಲಲ್ಲಿರುವ ಈ ನಮ್ಮ ಊರಿನ ಹೆಸರು ಸಿಂಗಾಪುರ. ಹೆಸರನ್ನು ಕೇಳಿದವರು ಕಡಲಾಚೆಯ ದೇಶವೋ ಎಂದು ನಗುವುದುಂಟು. ಆ ಕಡಲಾಚೆಯ ಸಿಂಗಾಪುರವು ಅಚ್ಚುಕಟ್ಟಿಗೆ ಹೆಸರಾದ ದೇಶ. ಅಲ್ಲಿಯ ಮಕ್ಕಳಿಗೆ ಕಲಿಯುವುದಕ್ಕಾಗಿ ಟ್ಯಾಬ್ಲೆಟ್ ಮುಂತಾದ ಯಂತ್ರಗಳಿದ್ದುವು. ಅವುಗಳ ಮೇಲೆ ನಿಗಾ ಇಡಲು ಒಂದು ಖಾಸಗಿ ಕಂಪನಿಯ ಆ್ಯಪನ್ನು ಅಳವಡಿಸಿದ್ದರು. ೨೦೨೪ನೆಯ ಆಗಸ್ಟಿನಲ್ಲಿ ಯಾರೋ ಆ ಕಂಪನಿಯ ವ್ಯವಸ್ಥೆಯೊಳಕ್ಕೆ ನುಗ್ಗಿದರು. ೨೬ ಪ್ರೌಢಶಾಲೆಗಳ ಸುಮಾರು ೧೩,೦೦೦ ವಿದ್ಯಾರ್ಥಿಗಳ ಯಂತ್ರಗಳಲ್ಲಿದ್ದುದೆಲ್ಲವೂ ದೂರದಿಂದಲೇ ಅಳಿಸಿಹೋಯಿತು. ಮಕ್ಕಳನ್ನು ಕಾಯಲೆಂದು ಇಟ್ಟ ಕಾವಲಿನ ಮೂಲಕವೇ ಹಾನಿಯು ಒಳಬಂದಿತು. ಅಲ್ಲಿಯ ಶಿಕ್ಷಣ ಇಲಾಖೆಯವರು ಆ ಆ್ಯಪನ್ನೇ ತೆಗೆಸಿಹಾಕಿದರು. ಆ ಸಿಂಗಾಪುರದಲ್ಲೇ ಹೀಗಾದ ಮೇಲೆ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗಣಕಯಂತ್ರದ ಪರದೆಗೇ ಅಂಟಿಸುವ ಈ ಸಿಂಗಾಪುರದವರು ಎಷ್ಟು ಎಚ್ಚರಿಕೆಯಿಂದಿರಬೇಕು!

ಆದರೆ ಉಪನಿಧಿಯ ಹೋಲಿಕೆಯು ಒಂದೆಡೆಯಲ್ಲಿ ಮುರಿದುಬೀಳುತ್ತದೆ, ಅದನ್ನು ಮರೆಮಾಚಬಾರದು. ಪೆಟ್ಟಿಗೆಯನ್ನು ಹಿಂದಿರುಗಿಸಬಹುದು. ಒಮ್ಮೆ ಹೊರಟ ಚಿತ್ರವನ್ನಾಗಲಿ ಷರಾವನ್ನಾಗಲಿ ಹಿಂದಿರುಗಿಸುವುದು ಹೇಗೆ? ನನ್ನ ಕೈಯಲ್ಲಿದ್ದುದು ನನ್ನ ಕೈಯಲ್ಲಿಯೇ ಇದ್ದು, ಅದೇ ಕಾಲದಲ್ಲಿ ಅರವತ್ತು ಮನೆಗಳಲ್ಲಿಯೂ ಇರುತ್ತದೆ. ಅದರ ಮೇಲೆ, ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಸಾಧನಗಳು ಒಂದು ಮುಖವನ್ನು ಕಿತ್ತು ಬೇರೊಂದು ದೇಹಕ್ಕೆ ಅಂಟಿಸಬಲ್ಲುವು. ಶಾಲೆಯ ವಾರ್ಷಿಕೋತ್ಸವದಲ್ಲಿ ನರ್ತಿಸಿದ ಹುಡುಗಿಯ ನಿಷ್ಕಲ್ಮಷವಾದ ಚಿತ್ರವೇ ಇಂಥ ನೀಚ ಕೃತ್ಯಕ್ಕೆ ಸಾಮಗ್ರಿಯಾಗಬಹುದು. ಹಿಂದಿರುಗಿಸಲಾಗದ ವಸ್ತುವಿನ ವಿಷಯದಲ್ಲಿ ಜೋಪಾನವೊಂದೇ ಸಾಲದು. ಇಲ್ಲಿ ಸ್ಮೃತಿಯನ್ನು ಬಿಟ್ಟು ಶರಣರ ಮನೆಗೆ ಹೋಗಬೇಕಾಗಿದೆ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ. ಬೇಕಾದಷ್ಟನ್ನು ಮಾತ್ರ ಇಟ್ಟು ಉಳಿದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ನಾವು ಆಸೆಯ ನಿಷೇಧಕ್ಕೆ ಉದಾಹರಣೆಯಾಗಿ ಹೇಳುತ್ತೇವೆ, ಅದು ಸರಿ. ಆದರೆ ಮಾರಯ್ಯನವರು ಕದ್ದವರಲ್ಲ. ಅಕ್ಕಿಯು ಅಂಗಳದಲ್ಲಿ ಬಿದ್ದಿತ್ತು, ಆಯ್ದುಕೊಳ್ಳುವ ಅಧಿಕಾರವೂ ಅವರಿಗಿತ್ತು. ದೊರೆಯುತ್ತದೆಯೆಂಬ ಒಂದೇ ಕಾರಣದಿಂದ ತೆಗೆದುಕೊಂಡುದೇ ಲಕ್ಕಮ್ಮನವರ ಕಣ್ಣಿಗೆ ದೋಷವಾಗಿ ಕಂಡಿತು. ಶಾಲೆಯ ದಾಖಲಾತಿಯ ಅರ್ಜಿಯನ್ನು ಆ ತಾಯಿಯ ಮುಂದೆ ಇಟ್ಟರೆ ಏನು ಹೇಳಿಯಾರು? ತಂದೆಯ ಉದ್ಯೋಗ ಬೇಕು, ಬಾಡಿಗೆ ಮನೆಯೋ ಸ್ವಂತ ಮನೆಯೋ ಬೇಕು, ವಾಹನವಿದೆಯೋ ಬೇಕು, ಅಣ್ಣನು ಏನು ಮಾಡುತ್ತಾನೆ ಬೇಕು. ಏಕೆ ಬೇಕು? ಅರ್ಜಿಯಲ್ಲಿ ಜಾಗವಿತ್ತು, ಅದಕ್ಕಾಗಿ ಕೇಳಿದೆವು. ಇಲಾಖೆಯ ಸ್ಯಾಟ್ಸ್ ದಾಖಲೆಗೆ ಬೇಕಾದುದನ್ನು ಕೇಳಲೇಬೇಕು; ಅದರಾಚೆಗೆ ಆಯ್ದುಕೊಂಡುದೆಲ್ಲವೂ ಹೆಚ್ಚಿನ ಅಕ್ಕಿಯೇ.

ವಿಚಿತ್ರವೆಂದರೆ, ರಾಜ್ಯಾಂಗವೂ ಶಾಸನವೂ ಬೇರೆ ದಾರಿಯಿಂದ ಬಂದು ಈ ಮಾತಿನ ಸಮೀಪದಲ್ಲಿಯೇ ನಿಂತಿವೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲಿಯೇ ೨೦೧೭ನೆಯ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳು ಏಕಕಂಠದಿಂದ, ಖಾಸಗಿತನವು ಮನುಷ್ಯನ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಆಮೇಲೆ ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಬಂದಿತು. ಅದರ ನಿಯಮಗಳು ೨೦೨೫ನೆಯ ನವೆಂಬರಿನಲ್ಲಿ ಪ್ರಕಟವಾದುವು, ಮುಖ್ಯ ಭಾಗಗಳ ಜಾರಿಗೆ ಅಲ್ಲಿಂದ ೧೮ ತಿಂಗಳ ಅವಧಿಯನ್ನು ಕೊಟ್ಟಿದ್ದಾರೆ. ೧೮ ವರ್ಷ ತುಂಬದವರೆಲ್ಲರೂ ಅದರ ದೃಷ್ಟಿಯಲ್ಲಿ ಮಕ್ಕಳು. ಅವರ ವಿವರಗಳಿಗೆ ತಂದೆತಾಯಿಗಳ ಖಚಿತವಾದ ಒಪ್ಪಿಗೆ ಬೇಕು. ಉದ್ದೇಶಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು, ಉದ್ದೇಶವು ಮುಗಿದ ಮೇಲೆ ಅಳಿಸಬೇಕು. ಮಕ್ಕಳ ವಿಷಯದ ಕರ್ತವ್ಯದಲ್ಲಿ ತಪ್ಪಿದರೆ ೨೦೦ ಕೋಟಿ ರೂಪಾಯಿಗಳವರೆಗೂ ದಂಡವುಂಟು. ಬೋಧನೆಗೂ ಮಕ್ಕಳ ರಕ್ಷಣೆಗೂ ಅವಶ್ಯವಾದ ಮಟ್ಟಿಗೆ ವಿದ್ಯಾಸಂಸ್ಥೆಗಳಿಗೆ ಕೆಲವು ವಿನಾಯಿತಿಗಳನ್ನು ಕೊಟ್ಟಿರುವುದೂ ನಿಜ.

ಶಾಸನವು ಒಪ್ಪಿಗೆಯನ್ನು ಕೇಳುತ್ತದೆ. ನನಗಿರುವ ಸಂಶಯವು ಅಲ್ಲಿಯೇ. ಕೂಲಿಗಾಗಿ ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬೆಂಗಳೂರಿಗೆ ಬಂದವನು, ಮಗನಿಗೆ ಉಚಿತವಾಗಿ ಸೀಟು ಸಿಕ್ಕಿತೆಂಬ ಸಂತೋಷದಲ್ಲಿ, ನಾವು ಮುಂದಿಟ್ಟ ಕಾಗದಕ್ಕೆಲ್ಲ ರುಜು ಹಾಕುತ್ತಾನೆ. ಅದು ಒಪ್ಪಿಗೆಯೇ? ಅನ್ನವಿಕ್ಕಿದವನಿಗೆ ಇಲ್ಲವೆನ್ನುವ ಧೈರ್ಯ ಯಾರಿಗಿದೆ? ರುಜುವು ನಮ್ಮನ್ನು ದಂಡದಿಂದ ಉಳಿಸೀತು. ಆ ತಂದೆಯು ಇಲ್ಲವೆನ್ನಲಾರನೆಂಬುದನ್ನು ತಿಳಿದೂ ಕಾಗದವನ್ನು ಚಾಚಿದ ಉಪಾಧ್ಯಾಯನಿಗೆ ಅಂತರಂಗದಲ್ಲಿ ಬಿಡುಗಡೆಯಿಲ್ಲ.

ಇದು ಮಠದ ಶಾಲೆಗಳಿಗೆ ಎಲ್ಲರಿಗಿಂತ ಹೆಚ್ಚಾಗಿ ತಟ್ಟುವ ಮಾತು. ನಮ್ಮಲ್ಲಿ ದಾನಿಗಳು ಸಮವಸ್ತ್ರವನ್ನೂ ಪುಸ್ತಕವನ್ನೂ ಕೊಡುತ್ತಾರೆ; ಕೊಡುವಾಗ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿ ಚಿತ್ರ ತೆಗೆಸಿಕೊಂಡು, ಮಗುವಿನ ಹೆಸರು, ಊರು, ಬಡತನದ ವಿವರಗಳೊಡನೆ ಹತ್ತಾರು ಗುಂಪುಗಳಿಗೆ ಕಳುಹಿಸುತ್ತಾರೆ. ಇದನ್ನು ನೋಡಿ ಇನ್ನೂ ನಾಲ್ವರು ಕೊಡುವರೆಂಬುದು ಸುಳ್ಳಲ್ಲ. ಆ ನಾಲ್ವರು ಕೊಟ್ಟುದರಿಂದ ಮಕ್ಕಳು ಉಣ್ಣುವುದೂ ಸುಳ್ಳಲ್ಲ. ಆದುದರಿಂದ ಇದನ್ನು ಖಂಡಿಸುವುದು ನನಗೆ ಸುಲಭವಾಗಿಲ್ಲ. ಆದರೂ ದಾನಕ್ಕೂ ದಾಸೋಹಕ್ಕೂ ಶರಣರು ಎಳೆದ ಗೆರೆಯೇನು? ದಾಸೋಹದಲ್ಲಿ ಕೊಡುವವನೇ ದಾಸನು, ಉಣ್ಣುವವನು ಜಂಗಮಸ್ವರೂಪಿ. ಜಂಗಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇವನು ಗತಿಯಿಲ್ಲದವನೆಂದು ಊರಿಗೆ ತೋರಿಸುವ ದಾಸೋಹವುಂಟೇ? ಸಿದ್ಧಗಂಗೆಯಲ್ಲಿ, ೨೦೧೯ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳವರ ಕಾಲದಲ್ಲಿ, ಜಾತಿಮತಗಳನ್ನು ಕೇಳದೆ ಸಹಸ್ರಾರು ಮಕ್ಕಳಿಗೆ ಪ್ರಸಾದವು ನಡೆಯಿತು. ಸುಗ್ಗಿಯಲ್ಲಿ ಕಾಳು ಕೊಟ್ಟ ರೈತನು, ಇದನ್ನುಂಡ ಹುಡುಗನ ಮುಖವನ್ನು ತೋರಿಸಿರೆಂದು ಕೇಳಿ ಕೊಟ್ಟುದಲ್ಲ.

ಕೆಲವರು, ಮುಚ್ಚಿಡಬೇಕಾದುದೇನಿದೆ, ಬಡತನವು ಅಪರಾಧವೇ ಎನ್ನುತ್ತಾರೆ. ಅಪರಾಧವಲ್ಲ. ಆದರೆ ಮುಚ್ಚುವುದೆಲ್ಲವೂ ನಾಚಿಕೆಗಾಗಿಯೇ ಎಂದು ಭಾವಿಸುವುದು ತಪ್ಪು. ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಧರಿಸುತ್ತೇವೆ. ಪೂಜೆಯ ವೇಳೆಯಲ್ಲಿ ಅಂಗೈಗೆ ಬರುತ್ತದೆ, ಮತ್ತೆ ಕರಡಿಗೆಯನ್ನು ಸೇರುತ್ತದೆ.

ಇನ್ನು ನಿತ್ಯದ ಎಚ್ಚರಿಕೆಗಳು ಕೆಲವುಂಟು. ತಿಳಿದವರಿಗೆ ಇವು ಹಳೆಯವು. ಶಾಲೆಯ ಕೆಲಸಕ್ಕೆ ಶಾಲೆಯದೇ ಬೇರೊಂದು ಮೊಬೈಲಿರಲಿ. ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರಿಗೆ ಬೇಡ. ಗುಮಾಸ್ತರು ರಜೆಯಲ್ಲಿದ್ದಾರೆಂಬುದು ಕಾರಣವಾಗದು. ಇಲಾಖೆಯಿಂದ ಎಂದೋ ಬ್ಯಾಂಕಿನಿಂದ ಎಂದೋ ಹೇಳಿ ಒಟಿಪಿ ಕೇಳುವವರಿಗೆ ಕೊಡಬಾರದು. ಹಣ ಹೋದರೆ ಆ ಕ್ಷಣವೇ ೧೯೩೦ ಸಂಖ್ಯೆಗೆ ತಿಳಿಸಬೇಕು. ವಿದ್ಯಾರ್ಥಿಯೊಬ್ಬನಿಗೆ, ಅದರಲ್ಲಿಯೂ ವಿದ್ಯಾರ್ಥಿನಿಗೆ, ಉಪಾಧ್ಯಾಯರು ರಾತ್ರಿಯಲ್ಲಿ ಪ್ರತ್ಯೇಕವಾಗಿ ಸಂದೇಶ ಕಳುಹಿಸುವುದು ಎಷ್ಟೇ ಸದುದ್ದೇಶದ್ದಾದರೂ ಬೇಡ. ೨೦೨೩ನೆಯ ಡಿಸೆಂಬರ್ ೧ರಂದು ಬೆಂಗಳೂರಿನ ೪೦ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬಿನ ಬೆದರಿಕೆಯ ಮಿಂಚಂಚೆ ಬಂದಿತಷ್ಟೆ, ಅದು ಹುಸಿಯಾಗಿತ್ತು. ಅಂಥ ವೇಳೆಯಲ್ಲಿ ಪೊಲೀಸರಿಗೆ ತಿಳಿಸಿ ಮಕ್ಕಳನ್ನು ಹೊರಗೆ ಕರೆತರುವುದು ಮೊದಲ ಕೆಲಸ. ಗುಂಪಿನಲ್ಲಿ ಬಂದುದನ್ನು ಇನ್ನೊಂದು ಗುಂಪಿಗೆ ತಳ್ಳುವುದು ಯಾವ ಕೆಲಸವೂ ಅಲ್ಲ.

ಕಳೆದ ವರ್ಷ ನೋಟುಪುಸ್ತಕಗಳನ್ನು ಕೊಟ್ಟ ಒಬ್ಬ ಮಹನೀಯರು ಮಕ್ಕಳೊಡನೆ ಫೋಟೋ ಬೇಕೆಂದರು. ಪುಸ್ತಕಗಳ ಕಟ್ಟನ್ನೂ, ಮಕ್ಕಳು ಬರೆದ ಒಂದೆರಡು ಪುಟಗಳನ್ನೂ ತೆಗೆದು ಕಳುಹಿಸಿದೆ. ಅವರು ಉತ್ತರವನ್ನು ಬರೆಯಲಿಲ್ಲ. ಈ ವರ್ಷ ಪುಸ್ತಕಗಳೂ ಬರಲಿಲ್ಲ. ಸಮಿತಿಯವರು ನನ್ನನ್ನು ಕರೆದು ಕೇಳಿದರು, ನಾನು ಇಲ್ಲಿ ಬರೆದುದನ್ನೇ ಹೇಳಿದೆ. ಅವರಲ್ಲಿ ಇಬ್ಬರು ಒಪ್ಪಿದರು, ಉಳಿದವರು ಯೋಚಿಸೋಣವೆಂದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಕುಳಿತು ನನ್ನ ಮೊಬೈಲಿನಲ್ಲಿರುವ ಮಕ್ಕಳ ಹಳೆಯ ಚಿತ್ರಗಳನ್ನು ಒಂದೊಂದಾಗಿ ಅಳಿಸುತ್ತಿದ್ದೇನೆ. ೨೦೨೧ರವರೆಗೆ ಮುಗಿದಿದೆ.