ಸೋತವರಲ್ಲಿ ನಿಷ್ಠೆ

ಗೆದ್ದವರ ಜೊತೆಗೆ ನಿಲ್ಲುವುದಕ್ಕೆ ಯಾವ ಅಭ್ಯಾಸವೂ ಬೇಕಾಗುವುದಿಲ್ಲ. ಗೆಲುವಿನ ಮನೆಗೆ ನೆಂಟರು ಕರೆಯದೆಯೇ ಬರುತ್ತಾರೆ. ಆದರೆ ಸೋಲುತ್ತಲೇ ಇರುವ ಒಂದು ಪಕ್ಷವನ್ನು ವರ್ಷದ ಮೇಲೆ ವರ್ಷ ತನ್ನದೆಂದು ಹೇಳಿಕೊಂಡು, ನೆರೆಯವರ ನಗೆಗೆ ಗುರಿಯಾಗಿ, ಮರುವರ್ಷವೂ ಅಲ್ಲಿಯೇ ನಿಲ್ಲುವ ಮನುಷ್ಯನ ಸ್ವಭಾವ ಯಾವ ಬಗೆಯದು? ಅದನ್ನು ನಿಷ್ಠೆಯೆಂದು ಗೌರವಿಸಬೇಕೇ, ಮೋಹವೆಂದು ತಳ್ಳಿಬಿಡಬೇಕೇ? ಕ್ಷುಲ್ಲಕವೆಂದು ತೋರುವ ಈ ಪ್ರಶ್ನೆ ನಮ್ಮ ಮನೆಯೊಳಗೆ ಬಂದು ಕುಳಿತ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸಿಂಧನೂರಿನಲ್ಲಿ ನಮ್ಮದು ಅಡತಿ ವ್ಯಾಪಾರದ ಮನೆ. 2008ರಲ್ಲಿ ಐಪಿಎಲ್ ಕ್ರಿಕೆಟ್ ಆರಂಭವಾದಾಗ ನನ್ನ ಮಗನಿಗೆ ಹತ್ತು ವರ್ಷ. ಬೆಂಗಳೂರಿನ ತಂಡವೇ ನಮ್ಮದೆಂದು ಅವನು ತೀರ್ಮಾನಿಸಿದ. ಅವನ ಜೊತೆಗೆ ಟಿ.ವಿ. ಮುಂದೆ ಕುಳಿತ ನಾನೂ ಅದಕ್ಕೆ ಒಳಗಾದೆ. ಏಪ್ರಿಲ್ 18ರಂದು ನಡೆದ ಮೊಟ್ಟಮೊದಲ ಪಂದ್ಯದಲ್ಲಿಯೇ ಆ ತಂಡವು ತನ್ನ ಊರಿನಲ್ಲಿ ಕೋಲ್ಕತ್ತದ ಎದುರು 140 ರನ್‌ಗಳಿಂದ ಸೋತಿತು. ಮರುವರ್ಷ ದಕ್ಷಿಣ ಆಫ್ರಿಕದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್‌ಗಳ ಸೋಲು. 2011ರ ಅಂತಿಮ ಪಂದ್ಯದಲ್ಲಿ ಚೆನ್ನೈ ಎದುರು 58 ರನ್‌ಗಳ ಸೋಲು. 2016ರಲ್ಲಿ ಬೆಂಗಳೂರಿನಲ್ಲಿಯೇ ಹೈದರಾಬಾದಿನ ಎದುರು 8 ರನ್‌ಗಳ ಸೋಲು. ‘ಈ ಸಲ ಕಪ್ ನಮ್ದೆ’ ಎಂಬ ಅಭಿಮಾನಿಗಳ ಘೋಷಣೆಯು ನಾಡಿನಲ್ಲೆಲ್ಲ ಹಾಸ್ಯದ ಮಾತಾಯಿತು. ಆದರೂ ಅದನ್ನು ಹೇಳುವವರು ಕಡಿಮೆಯಾಗಲಿಲ್ಲ.

ಈ ನಿಷ್ಠೆಯು ಯಾವುದರ ಮೇಲಿನದು ಎಂದು ವಿಚಾರಿಸಹೊರಟರೆ ಕೈಗೆ ಏನೂ ಸಿಕ್ಕುವುದಿಲ್ಲ. ಸಿಂಧನೂರಿಗೆ ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಈ ವರ್ಷ ನಮ್ಮವನಾದವನು ಮುಂದಿನ ವರ್ಷ ಎದುರಾಳಿ. 2008ರಿಂದ 2025ರವರೆಗಿನ ಹದಿನೆಂಟು ಆವೃತ್ತಿಗಳಲ್ಲಿಯೂ ಆ ತಂಡದಲ್ಲಿಯೇ ಉಳಿದವರು ವಿರಾಟ್ ಕೊಹ್ಲಿಯೊಬ್ಬರೇ, ಅವರೂ ದಿಲ್ಲಿಯವರು. ತಂಡದ ಹೆಸರೋ, ಅದನ್ನು ಮೊದಲು ಕೊಂಡ ಮದ್ಯೋದ್ಯಮವು ಮಾರುವ ಒಂದು ವಿಸ್ಕಿಯ ಹೆಸರಿನಿಂದ ಹುಟ್ಟಿದ್ದು. ಮದ್ಯತ್ಯಾಗವನ್ನು ಅಷ್ಟಮೂಲಗುಣಗಳಲ್ಲಿ ಎಣಿಸುವ ಮನೆಗಳಲ್ಲಿ ಮಕ್ಕಳು ಆ ಹೆಸರನ್ನು ಎದೆಯ ಮೇಲೆ ಧರಿಸಿ ಓಡಾಡಿದರು. ಅಂಗಿಯನ್ನು ಕೊಡಿಸಿದವರು ನಾವೇ. ‘ನನ್ನದು’ ಎಂಬ ಮಮಕಾರವು ಬೇರೂರುವುದಕ್ಕೆ ನೆಲವೇ ಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಆದರೂ ಇದರಲ್ಲಿ ಗುಣವೇ ಇಲ್ಲವೆನ್ನಲಾಗದು. ಸೋಲುವ ತಂಡವನ್ನು ಬಿಡದವನು ತಾಳ್ಮೆಯನ್ನು ಕಲಿಯುತ್ತಾನೆ. ಕೈಗೆ ಬಂದ ಕ್ಯಾಚನ್ನು ಬಿಟ್ಟ ಆಟಗಾರನನ್ನು ಬೈದರೂ ಮರುದಿನ ಮರೆಯುತ್ತಾನೆ. ತನಗೆ ಪ್ರತಿಫಲವೇನೂ ಬರುವುದಿಲ್ಲವೆಂದು ತಿಳಿದೂ ಪ್ರೀತಿಸುತ್ತಾನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಎರಡನೆಯದಾದ ನಿಃಕಾಂಕ್ಷಿತವು ಫಲದ ಆಸೆಯಿಲ್ಲದ ಶ್ರದ್ಧೆಯನ್ನು ಹೇಳುತ್ತದೆ. ಆ ಮಹತ್ತಾದ ಗುಣವನ್ನು ಕ್ರಿಕೆಟ್ಟಿಗೆ ಹೋಲಿಸುವುದು ನನ್ನ ಅಭಿಪ್ರಾಯವಲ್ಲ. ಅಂಥ ಗುಣಕ್ಕೆ ಬೇಕಾದ ಶಕ್ತಿ ಸಾಮಾನ್ಯ ಮನುಷ್ಯನಲ್ಲಿಯೂ ಇದೆ, ಅದು ಎಲ್ಲಿಯೋ ವ್ಯಯವಾಗುತ್ತಿದೆ ಎಂಬುದಷ್ಟೇ ನನ್ನ ಮಾತು.

ನನ್ನಲ್ಲಿ ಅದು ವ್ಯಯವಾದ ಬಗೆಯನ್ನು ಹೇಳಬೇಕಾಗಿದೆ. ನನ್ನ ತಮ್ಮ ಲಿಂಗಸುಗೂರಿನಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದ. ಅದರಲ್ಲಿ ನನ್ನ ಪಾಲೂ ಇತ್ತು. ಕೇಳಿದವರಿಗೆಲ್ಲ ಉದ್ರಿ ಕೊಡುವುದು ಅವನ ಸ್ವಭಾವ. ಮಳೆ ಕೈಕೊಟ್ಟು ಉದ್ರಿ ವಸೂಲಾಗದಿರಲು, 2016ರ ನವೆಂಬರಿನ ನೋಟು ರದ್ದತಿಯೂ ಸೇರಿ ಅಂಗಡಿ ಕುಸಿಯಿತು. ಲೆಕ್ಕ ನೋಡಿ ನನ್ನ ಪಾಲನ್ನು ಹಿಂದಕ್ಕೆ ತೆಗೆದುಕೊಂಡೆ. ಅದು ವ್ಯಾಪಾರದ ವಿವೇಕ. ಅದರಲ್ಲಿ ತಪ್ಪಿಲ್ಲವೆಂದು ಈಗಲೂ ಭಾವಿಸುತ್ತೇನೆ. ತಪ್ಪಾದದ್ದು ಆಮೇಲೆ. ಅವನ ಮನೆಗೆ ಹೋಗುವುದನ್ನೇ ಬಿಟ್ಟೆ. ಮದುವೆ ಮನೆಗಳಲ್ಲಿ ಎದುರಾದರೆ ‘ಹೆಂಗಿದ್ದೀಯಪ್ಪಾ’ ಎಂದು ಕೇಳಿ ಮುಂದೆ ನಡೆದೆ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಬಸದಿಯಲ್ಲಿ ಎಲ್ಲರಿಗೂ ಕೈಮುಗಿದು ಕ್ಷಮೆ ಬೇಡುತ್ತಿದ್ದವನು, ಅವನಿಗೆ ಮಾತ್ರ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುತ್ತಿದ್ದೆ.

2017ರ ಏಪ್ರಿಲ್ 23ರ ರಾತ್ರಿ ಕೋಲ್ಕತ್ತದಲ್ಲಿ ನಮ್ಮ ತಂಡ 49 ರನ್‌ಗಳಿಗೆ ಆಲೌಟ್ ಆಯಿತು. ಮಗ ಮೌನವಾಗಿ ಎದ್ದು ಹೋದ. ‘ಇರಲಿ ಬಿಡಪ್ಪಾ, ಮುಂದಿನ ಪಂದ್ಯ ಐತಲ್ಲ’ ಎಂದು ನಾನೇ ಅವನಿಗೆ ಸಮಾಧಾನ ಹೇಳಿದೆ. ಒಳಗಿನ ಕೋಣೆಯಲ್ಲಿ ಜಪಮಣಿ ಹಿಡಿದು ಕುಳಿತಿದ್ದ ನನ್ನ ತಾಯಿಯವರು ಅದನ್ನು ಕೇಳಿಸಿಕೊಂಡು, ‘ನಿನಗ ಇಷ್ಟು ತಾಳ್ಮಿ ಐತಂತ ನನಗ ಗೊತ್ತಿದ್ದಿಲ್ಲ’ ಎಂದರು. ಮತ್ತೇನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಒಂಬತ್ತು ವರ್ಷ ಸೋತವರಿಗೆ ‘ಮುಂದಿನ ಸಲ’ ಎನ್ನುತ್ತಿದ್ದವನು, ಒಂದು ಸಲ ಸೋತ ತಮ್ಮನಿಗೆ ಆ ಮಾತನ್ನು ಹೇಳಿರಲಿಲ್ಲ.

ಇದು ನನ್ನೊಬ್ಬನ ಕಥೆಯಾಗಿದ್ದರೆ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣನಾದ ಮಗನನ್ನು ಊಟಕ್ಕೆ ಕರೆಯದ ತಂದೆಯರನ್ನು ನಾವು ಕಂಡಿಲ್ಲವೇ? ಗಂಡನ ಮನೆಯಲ್ಲಿ ಬಾಳಲಾಗದೆ ಹಿಂದಿರುಗಿದ ಮಗಳನ್ನು ಶುಭಕಾರ್ಯದ ಸಾಲಿನಲ್ಲಿ ಹಿಂದಕ್ಕೆ ನಿಲ್ಲಿಸುವುದನ್ನು ಕಂಡಿಲ್ಲವೇ? ದಿವಾಳಿಯಾದ ವ್ಯಾಪಾರಿಯ ಹೆಸರನ್ನು ಬಸದಿಯ ಸಮಿತಿಯ ಪಟ್ಟಿಯಿಂದ ಸದ್ದಿಲ್ಲದೆ ಕೈಬಿಡುವುದನ್ನು ಕಂಡಿಲ್ಲವೇ? ನಮ್ಮ ಹೆಸರನ್ನೂ ಅರಿಯದ ಹನ್ನೊಂದು ಮಂದಿಗೆ ತೋರುವ ಸಹನೆಯನ್ನು ನಮ್ಮ ಹೆಸರನ್ನೇ ಹೊತ್ತವರಿಗೆ ನಾವು ತೋರುವುದಿಲ್ಲ. ಕಾರಣವೂ ಸ್ಪಷ್ಟ. ತಂಡದ ಸೋಲು ನಮ್ಮ ಗಂಟಿಗೆ ಕೈ ಹಚ್ಚುವುದಿಲ್ಲ, ನಮ್ಮ ಮಾನವನ್ನು ಮುಟ್ಟುವುದಿಲ್ಲ. ಬೆಲೆಯಿಲ್ಲದ ನಿಷ್ಠೆಯನ್ನು ಧಾರಾಳವಾಗಿ ಕೊಡುತ್ತೇವೆ. ಬೆಲೆ ತೆರಬೇಕಾದಾಗ ಲೆಕ್ಕದ ಪುಸ್ತಕ ತೆಗೆಯುತ್ತೇವೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಸೋತವನ ಪಕ್ಷದಲ್ಲಿ ನಿಲ್ಲುವುದೇ ಧರ್ಮವಾದರೆ, ಅವನ ತಪ್ಪಿಗೂ ಬೆಂಬಲವಾಗಿ ನಿಲ್ಲಬೇಕೇ? ನಮ್ಮ ಆದಿಕವಿ ಪಂಪನು ಭಾರತದ ಕಥೆಯನ್ನು ಹೇಳುವಾಗ, ದುರ್ಯೋಧನನ ಪಕ್ಷವನ್ನು ಬಿಡದ ಕರ್ಣನಿಗೆ ಎಲ್ಲರಿಗಿಂತ ಮಿಗಿಲಾದ ಗೌರವವನ್ನು ಕೊಟ್ಟನು. ಆದರೆ ಆ ನಿಷ್ಠೆಯು ದುರ್ಯೋಧನನನ್ನು ಉಳಿಸಲಿಲ್ಲ. ಸೋತವನನ್ನು ಬಿಡದಿರುವುದು ಬೇರೆ, ತಪ್ಪನ್ನು ಬಿಡದಿರುವುದು ಬೇರೆ. ಈ ಭೇದವನ್ನು ತೋರುವ ಅಂಗವೇ ಸ್ಥಿತಿಕರಣ. ಜೊತೆಯ ಮುನಿಯ ಮನಸ್ಸು ಬಿಟ್ಟುಬಂದ ಮನೆಯ ಕಡೆಗೆ ತಿರುಗಿದಾಗ ವಾರಿಷೇಣನು ಅವನನ್ನು ಹೀಯಾಳಿಸಲಿಲ್ಲ, ತೊರೆಯಲಿಲ್ಲ, ಅವನ ಹಿಂದೆ ತಾನೂ ಜಾರಲಿಲ್ಲ. ಜೊತೆಯಲ್ಲಿ ನಡೆದು ಮರಳಿ ದಾರಿಗೆ ತಂದನು. ತಮ್ಮನ ಉದ್ರಿ ವ್ಯಾಪಾರಕ್ಕೆ ಹಣ ಹಾಕದಿದ್ದುದು ನನ್ನ ದೋಷವಲ್ಲ. ಅವನ ಜೊತೆಗೆ ನಡೆಯದಿದ್ದುದು ನನ್ನ ದೋಷ.

ಇನ್ನು ಗೆಲುವಿನ ಮಾತು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ನಮ್ಮ ತಂಡ ಪಂಜಾಬನ್ನು ಸೋಲಿಸಿ ಮೊದಲ ಸಲ ಕಪ್ ಗೆದ್ದಿತು. 2009ರಲ್ಲಿ ಸೋತದ್ದು 6 ರನ್‌ಗಳಿಂದ. ಗೆದ್ದದ್ದೂ 6 ರನ್‌ಗಳಿಂದ. ಪಂಜಾಬಿನ ತಂಡವೂ 2008ರಿಂದ ಆಡುತ್ತ ಒಮ್ಮೆಯೂ ಕಪ್ ಗೆಲ್ಲದಿದ್ದ ತಂಡವೇ. ನಮ್ಮಂತೆಯೇ ಹದಿನೆಂಟು ವರ್ಷ ಕಾದ ಮನೆಗಳು ಅಲ್ಲಿಯೂ ಇದ್ದುವು. ಆ ರಾತ್ರಿ ಅವರ ನೆನಪು ನನಗೆ ಬರಲಿಲ್ಲ. ತತ್ತ್ವಾರ್ಥಸೂತ್ರದ ವ್ಯಾಖ್ಯಾನವಾದ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಅನರ್ಥದಂಡದ ಒಂದು ಭೇದವಾದ ಅಪಧ್ಯಾನವನ್ನು ವಿವರಿಸುತ್ತ, ಇತರರ ಜಯ ಪರಾಜಯಗಳು ಹೇಗಾದಾವು ಎಂದು ಮನಸ್ಸಿನಲ್ಲಿ ಚಿಂತಿಸುವುದನ್ನು ವಧಬಂಧನಗಳ ಚಿಂತನೆಯ ಜೊತೆಗೇ ಎಣಿಸಿದ್ದಾರೆ. ಆಟ ನೋಡುವಷ್ಟಕ್ಕೆ ಇಷ್ಟು ಕಠಿಣ ಮಾತೇ ಎಂದು ಮೊದಲು ನನಗೆ ಅನ್ನಿಸುತ್ತಿತ್ತು. ಮರುದಿನದ ಅನುಭವದಿಂದ ಆ ಸಂದೇಹ ಅಳಿಯಿತು.

ಜೂನ್ 4ರ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ವಿಜಯೋತ್ಸವಕ್ಕೆಂದು ನೆರೆದ ಜನರ ನೂಕುನುಗ್ಗಲಿನಲ್ಲಿ 11 ಮಂದಿ ಮೃತರಾದರು. ಹೆಚ್ಚಿನವರು ಎಳೆಯ ವಯಸ್ಸಿನವರು. ಸತ್ತವರನ್ನು ದೂರುವುದು ಪಾಪ. ಯಾರ ಲೋಪವೆಂಬುದನ್ನು ವಿಚಾರಿಸುವವರು ಬೇರೆ ಇದ್ದಾರೆ. ನಾನು ಹೇಳಬೇಕಾದುದು ನನ್ನ ಮನಸ್ಸಿನ ವಿಷಯ. ಟಿ.ವಿ.ಯಲ್ಲಿ ಆ ಸುದ್ದಿ ಬಂದಾಗ ನನಗೆ ಮೊದಲು ಅನ್ನಿಸಿದ್ದು, ‘ಅಯ್ಯೋ, ಸಂತೋಷವೆಲ್ಲ ಕೆಟ್ಟುಹೋಯಿತಲ್ಲ’ ಎಂದು. ಸತ್ತವರ ತಾಯಂದಿರ ನೆನಪು ಬಂದದ್ದು ಆಮೇಲೆ. ನಡುವೆ ಎಷ್ಟು ಕ್ಷಣಗಳು ಕಳೆದುವೋ ತಿಳಿಯದು; ಆದರೆ ಆ ಕ್ಷಣಗಳಲ್ಲಿ ನನ್ನ ಅಹಿಂಸೆ ಎಲ್ಲಿತ್ತು? ಹದಿನೇಳು ವರ್ಷಗಳ ಸೋಲು ನನ್ನಲ್ಲಿ ತಾಳ್ಮೆಯನ್ನಾದರೂ ಬೆಳೆಸಿತ್ತು. ಒಂದು ರಾತ್ರಿಯ ಗೆಲುವು ಕರುಣೆಯನ್ನೇ ಮರೆಸಿತು.

ಭರತ ಬಾಹುಬಲಿಗಳ ನಡುವೆ ಯುದ್ಧ ಸನ್ನಿಹಿತವಾದಾಗ ಮಂತ್ರಿಗಳು ಸೇನೆಗಳನ್ನು ತಡೆದು, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಇಬ್ಬರ ಸ್ಪರ್ಧೆಯಲ್ಲಿ ಮೂರನೆಯವರ ಪ್ರಾಣ ಹೋಗಬಾರದು ಎಂಬುದೇ ಅದರ ಆಶಯ. ಆಟವೆಂಬುದಕ್ಕೆ ಇದಕ್ಕಿಂತ ಉನ್ನತವಾದ ಪ್ರಯೋಜನವಿಲ್ಲ. ಆ ಮೂರರಲ್ಲಿಯೂ ಗೆದ್ದ ಬಾಹುಬಲಿಯು, ಗೆಲುವು ತನ್ನ ಅಣ್ಣನನ್ನು ಯಾವ ಸ್ಥಿತಿಗೆ ತಂದಿತೆಂಬುದನ್ನು ಕಂಡು ಗೆದ್ದುದನ್ನೇ ಬಿಟ್ಟು ನಡೆದನು.

ಆ ವಾರದ ಕೊನೆಯಲ್ಲಿ ನಾನು ಲಿಂಗಸುಗೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಬೋರ್‌ವೆಲ್ ಇದ್ದ ರೈತರು ಭತ್ತದ ಸಸಿ ಮಡಿಗೆ ನೆಲ ಹದ ಮಾಡುತ್ತಿದ್ದರು. ಎಡದಂಡೆ ಕಾಲುವೆಯ ಕೊನೆಯ ಭಾಗದವರು ನಮ್ಮ ಅಂಗಡಿಗೆ ಬರುತ್ತಾರೆ. ನೀರು ತಲುಪೀತೋ ಇಲ್ಲವೋ ಎಂಬ ಭಯದಲ್ಲಿಯೇ ಪ್ರತಿ ವರ್ಷ ಬಿತ್ತುವವರು ಅವರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗಲೂ ಅವರು ಹೊಲ ಬಿಟ್ಟು ಹೋಗಲಿಲ್ಲ. ಅವರ ನಿಷ್ಠೆಗೆ ಘೋಷಣೆಯಿಲ್ಲ, ಬಣ್ಣದ ಅಂಗಿಯಿಲ್ಲ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಅಲ್ಲಿಯ ಬೆಟ್ಟದಲ್ಲಿ 1915ರಲ್ಲಿ, ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರರಿಗೆ ಅಶೋಕನ ಹೆಸರುಳ್ಳ ಶಾಸನ ದೊರೆಯಿತು. ಕಳಿಂಗವನ್ನು ಗೆದ್ದು, ಆ ಗೆಲುವಿಗಾಗಿ ಪಶ್ಚಾತ್ತಾಪಪಟ್ಟುದನ್ನು ಬೇರೆಡೆ ಕಲ್ಲಿನಲ್ಲಿ ಬರೆಯಿಸಿದ ಅರಸನು, ಮಸ್ಕಿಯಲ್ಲಿ ಹೇಳಿಸಿದ ಮಾತು ಇನ್ನೂ ಸರಳವಾದುದು: ಧರ್ಮದಲ್ಲಿ ತೊಡಗಿದರೆ ಸಾಮಾನ್ಯನೂ ಉನ್ನತಿಯನ್ನು ಪಡೆಯಬಲ್ಲನು, ಅದು ದೊಡ್ಡವರಿಗಷ್ಟೇ ಮೀಸಲಲ್ಲ. ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೆ. ಆ ದಿನ ಆ ಮಾತು ನನ್ನಂಥವನಿಗೂ ಒಂದು ಆಸರೆಯೆನಿಸಿತು.

ತಮ್ಮ ಈಗ ಬೇರೆಯವರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ನನ್ನನ್ನು ಕಂಡು ಗಲ್ಲೆಯಿಂದ ಎದ್ದು ಬಂದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಯಾವುದೂ ಬಾಯಿಗೆ ಬರಲಿಲ್ಲ. ಅವನೇ ನಕ್ಕು, ‘ಅಣ್ಣಾ, ಕಡೀಕೂ ಗೆದ್ದರಲ್ಲ’ ಎಂದ. ಅವನೂ ಅಷ್ಟು ವರ್ಷ ಅದೇ ತಂಡವನ್ನು ನೋಡುತ್ತಿದ್ದನೆಂಬುದು ನನಗೆ ತಿಳಿದಿರಲಿಲ್ಲ. ಆಮೇಲೆ ಮೆಲ್ಲಗೆ, ‘ಅವರು ಸೋತಾಗೆಲ್ಲ ನಿನ್ನ ನೆನಪು ಬರ್ತಿತ್ತು. ಅಣ್ಣ ಎಷ್ಟು ಬ್ಯಾಸರ ಮಾಡ್ಕೊಂಡಿರ್ತಾನೋ ಅಂತ’ ಎಂದ. ನಾನು ಕೈಮುಗಿದೆ. ಭಾದ್ರಪದ ಇನ್ನೂ ದೂರವಿತ್ತು.

ಆಟವನ್ನು ನೋಡಬಾರದೆಂದು ನಾನು ಹೇಳಲಾರೆ. ಮಕ್ಕಳ ಜೊತೆಗೆ ಈಗಲೂ ನೋಡುತ್ತೇನೆ. ಆದರೆ ಸಿಂಧನೂರಿನ ಯಾವ ರೈತನನ್ನು ಕೇಳಿದರೂ ಒಂದು ಮಾತು ಹೇಳುತ್ತಾನೆ: ಸಸಿಯನ್ನು ಮಡಿಯಲ್ಲಿ ಬೆಳೆಸಬೇಕು, ಮಡಿಯಲ್ಲಿಯೇ ಬಿಡಬಾರದು; ಸಕಾಲದಲ್ಲಿ ಕಿತ್ತು ಗದ್ದೆಯಲ್ಲಿ ನಾಟಿ ಮಾಡಬೇಕು. ಸೋತ ತಂಡದ ಮುಂದೆ ನಾವು ಕಲಿತ ತಾಳ್ಮೆ, ಕ್ಷಮೆ, ಫಲಾಪೇಕ್ಷೆಯಿಲ್ಲದ ಪ್ರೀತಿ ಇವೆಲ್ಲ ಮಡಿಯ ಸಸಿಗಳು. ಅವನ್ನು ನಾಟಿ ಮಾಡಬೇಕಾದ ನೆಲ ಪ್ರತಿಯೊಬ್ಬರ ಮನೆಯಲ್ಲಿಯೂ ಇದೆ. ಶ್ರಾವಕ ಬಂಧುಗಳು ತಮ್ಮ ಬಳಗದಲ್ಲಿ ಸೋತವರು ಯಾರೆಂಬುದನ್ನು ಒಮ್ಮೆ ನೆನೆದು, ಅವರ ಬಾಗಿಲಿಗೆ ಹೋಗಿ ಬರಲಿ.